ಕೆಲಸಕ್ಕೆ ಒಗ್ಗಿದ ಹುಡುಗಿ

ಶಾಲೆಯಲ್ಲಿ ನನ್ನ ಹೆಸರು ಫಿನಾಯಿಲ್. ಇಟ್ಟವರು ಹುಡುಗರು, ಕೇಳಿ ನಕ್ಕವರು ಮೇಷ್ಟ್ರುಗಳು. ಅಮ್ಮ ನಮ್ಮ ಶಾಲೆಯ ಪಕ್ಕದ ಕಾಲೇಜಿನಲ್ಲಿ ಶೌಚಾಲಯ ತೊಳೆಯುತ್ತಾಳೆ. ಹದಿನಾಲ್ಕು ವರ್ಷದಿಂದ ತೊಳೆಯುತ್ತಿದ್ದಾಳೆ. ಆ ವಾಸನೆ ಅವಳ ಕೂದಲಿನಿಂದ ನಮ್ಮ ದಿಂಬಿಗೆ, ದಿಂಬಿನಿಂದ ನನ್ನ ಸಮವಸ್ತ್ರಕ್ಕೆ ಬರುತ್ತದೆ. ಎಷ್ಟು ಸೋಪು ಉಜ್ಜಿದರೂ ಹೋಗುವುದಿಲ್ಲ. ನನ್ನ ಪಕ್ಕದ ಬೆಂಚಿನವನಿಗೆ ಗಾರೆ ಎಂದು ಹೆಸರು, ಅವನಪ್ಪ ಗಾರೆ ಕೆಲಸದವನು. ಹಿಂದಿನ ಬೆಂಚಿನವಳು ಇಸ್ತ್ರಿ. ಅವಳ ಅಜ್ಜಿ ಬೀದಿ ಮೂಲೆಯಲ್ಲಿ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ವಕೀಲರ ಮಗನೂ ಅದೇ ತರಗತಿಯಲ್ಲಿದ್ದಾನೆ. ಅವನನ್ನು ಯಾರೂ ಕರಿಕೋಟು ಎಂದು ಕರೆಯುವುದಿಲ್ಲ.

ನನಗೆ ಲೆಕ್ಕ ಬರುತ್ತದೆ. ಇದನ್ನು ನಾನು ತಲೆ ತಗ್ಗಿಸಿಕೊಂಡು ಹೇಳಬೇಕೆಂದು ಯಾರಾದರೂ ಅಂದುಕೊಂಡಿದ್ದರೆ ಅದು ಅವರ ಕರ್ಮ. ಎಂಟನೇ ತರಗತಿಯಿಂದ ಲೆಕ್ಕದಲ್ಲಿ ನಾನೇ ಮೊದಲು. ಮನೆಯಲ್ಲಿ ಮೇಜಿಲ್ಲ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಹಲಗೆಯಿಟ್ಟು ಬರೆಯುತ್ತೇನೆ. ನನಗೆ ಬೇಕಾಗಿದ್ದದ್ದು ಒಂದೇ. ಈ ವರ್ಷ ಶಾಲೆ ಮುಗಿದ ಮೇಲೆ, ಅಮ್ಮ ನೆಲ ಒರೆಸುವ ಆ ಕಾಲೇಜಿನಲ್ಲೇ ಗಣಿತ ವಿಭಾಗಕ್ಕೆ ಸೇರಬೇಕು.

ಶಾಲೆಗೂ ಕಾಲೇಜಿಗೂ ನಡುವೆ ಇರುವುದು ಒಂದೇ ಗೋಡೆ, ಅದರಲ್ಲೊಂದು ಕಬ್ಬಿಣದ ಗೇಟು. ಗೇಟಿನ ಆ ಕಡೆಯವರಿಗೂ ಈ ಕಡೆಯವರಿಗೂ ಬಹಳ ವರ್ಷಗಳಿಂದ ಎಣ್ಣೆ ಸೀಗೇಕಾಯಿ ಸಂಬಂಧ. “ನೀವು ಕಳಿಸೋ ಮಕ್ಕಳಿಗೆ ಒಂದು ವಾಕ್ಯ ನೆಟ್ಟಗೆ ಬರೆಯೋಕೆ ಬರಲ್ಲ” ಎಂದು ಕಾಲೇಜಿನವರು. “ನಾವು ಕಲಿಸಿ ಕಳಿಸ್ತೀವಿ, ನೀವು ಮರೆಸಿ ಕಳಿಸ್ತೀರಿ” ಎಂದು ಶಾಲೆಯವರು. ಕಾಲೇಜಿನ ಮೊದಲ ವರ್ಷದಲ್ಲಿ ಅರ್ಧಕ್ಕರ್ಧ ಮಕ್ಕಳು ನಪಾಸಾಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಎರಡು ಕಡೆಯವರೂ ಕುಣಿಯಲಾರದವರೇ, ನೆಲ ಮಾತ್ರ ನಾವು.

ಈ ವರ್ಷ ಅವರು ಒಂದಾದರು. ಶಾಲೆಯಿಂದ ನಾಲ್ವರು, ಕಾಲೇಜಿನಿಂದ ನಾಲ್ವರು ಸೇರಿ ‘ಕಾಲೇಜು ಸಿದ್ಧತಾ ಸಮಿತಿ’ ಮಾಡಿಕೊಂಡರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು ಸಂಚಾಲಕರಾದರು. ನಮ್ಮ ಕಡೆಯಿಂದ ಮುಖ್ಯರು ಲೆಕ್ಕದ ಮಿಸ್. ಎಂಟು ಶನಿವಾರ ನಾವು ಕಾಲೇಜಿಗೆ ಹೋಗಬೇಕು, ಎರಡೂ ಕಡೆಯವರು ಜೊತೆಗೇ ನಿಂತು ಕಲಿಸುತ್ತಾರೆ, ಕೊನೆಗೆ ಒಂದು ಸಿದ್ಧತಾ ಪತ್ರ ಕೊಡುತ್ತಾರೆ. ಆ ಪತ್ರದಲ್ಲಿ ಯಾವ ವಿಭಾಗ ಬರೆದಿರುತ್ತದೋ ಅದೇ ವಿಭಾಗದಲ್ಲಿ ಸೀಟು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ಅಮ್ಮ ನನ್ನ ಬೂಟಿಗೆ ತಾನೇ ಪಾಲಿಶ್ ಹಾಕಿದಳು.

ಮೊದಲ ಶನಿವಾರ ಪರೀಕ್ಷೆ. ನಲವತ್ತೊಂದು ಮಕ್ಕಳು, ಐವತ್ತು ಅಂಕ. ಲೆಕ್ಕದ ಭಾಗದಲ್ಲಿ ಕಷ್ಟವೇನೂ ಇರಲಿಲ್ಲ. ನಾನು ಹತ್ತು ನಿಮಿಷ ಮೊದಲೇ ಮುಗಿಸಿ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಅದೇ ಹೊತ್ತಿಗೆ ಎಂಟು ಜನ ಶಿಕ್ಷಕರು ಕೈಯಲ್ಲಿ ಕಾಗದ ಹಿಡಿದು ನಮ್ಮ ನಡುವೆ ಓಡಾಡುತ್ತಿದ್ದರು. ನಮ್ಮ ಚೀಲ ನೋಡುತ್ತಿದ್ದರು, ಉಗುರು ನೋಡುತ್ತಿದ್ದರು, ಏನೋ ಗೀಚಿಕೊಳ್ಳುತ್ತಿದ್ದರು. ಸಂತೆಯಲ್ಲಿ ದನದ ಹಲ್ಲು ನೋಡುತ್ತಾರಲ್ಲ, ಹಾಗೆ.

ಎರಡನೇ ಶನಿವಾರ ಬಾಗಿಲಲ್ಲಿ ಎರಡು ಪಟ್ಟಿ ಅಂಟಿಸಿದ್ದರು. ಮೂವತ್ತು ಮಕ್ಕಳು ಮೇಲಿನ ಸಭಾಂಗಣಕ್ಕೆ. ಅವರಿಗೆ ಗಣಿತ, ಪ್ರಯೋಗಾಲಯ, ಗ್ರಂಥಾಲಯ, ಟಿಪ್ಪಣಿ ಬರೆಯುವ ಕ್ರಮ. ಹನ್ನೊಂದು ಮಕ್ಕಳು ನೆಲಮಹಡಿಯ ಕೊನೆಯ ಕೋಣೆಗೆ. ನಮಗೆ ‘ಪ್ರಾಯೋಗಿಕ ಕೌಶಲ್ಯ ಮತ್ತು ಕಾಲೇಜು ವಾತಾವರಣದ ಪರಿಚಯ’. ಹನ್ನೊಂದು ಹೆಸರು ಓದುತ್ತಾ ಹೋದರೆ ಒಬ್ಬರ ಮನೆಯಲ್ಲೂ ಕೂತು ಮಾಡುವ ಕೆಲಸದವರಿಲ್ಲ. ಗಾರೆ ಇದ್ದ, ಇಸ್ತ್ರಿ ಇದ್ದಳು, ನಾನಿದ್ದೆ.

ಕೊನೆಯ ಕೋಣೆ ಎಂದರೆ ಉಗ್ರಾಣ. ಮುರಿದ ಬೆಂಚು, ಒಂದು ಉದ್ದನೆಯ ಕಲ್ಲಿನ ಸಿಂಕು, ಎರಡು ನಲ್ಲಿ. ಮೇಲಿನ ಪ್ರಯೋಗಾಲಯದಲ್ಲಿ ಬಳಸಿದ ಗಾಜಿನ ನಳಿಗೆಗಳು ಟ್ರೇಗಳಲ್ಲಿ ಕೆಳಗಿಳಿದು ಬರುತ್ತಿದ್ದವು. ನಾವು ಉಜ್ಜಿ ತೊಳೆದು ಒರೆಸಿ ಸಾಲಾಗಿ ಜೋಡಿಸಬೇಕು. ಇದು ಪ್ರಾಯೋಗಿಕ ಕೌಶಲ್ಯ. ಆಮೇಲೆ ಉಗ್ರಾಣದ ಕಬ್ಬಿಣದ ಕುರ್ಚಿಗಳನ್ನು ಮೇಲಿನ ಸಭಾಂಗಣಕ್ಕೆ ಹೊತ್ತು ಹಾಕಬೇಕು, ತರಗತಿ ಮುಗಿದ ಮೇಲೆ ಇಳಿಸಬೇಕು. ಇದು ವಾತಾವರಣದ ಪರಿಚಯ. ಮಡಚುವ ಕುರ್ಚಿ, ಒಂದೊಂದೂ ಕಲ್ಲಿನ ಭಾರ. ಒಂದು ಕೈಗೆ ಎರಡು, ಇನ್ನೊಂದು ಕೈಗೆ ಎರಡು. ಮಡಚುವಾಗ ಗಾರೆಯ ಹೆಬ್ಬೆರಳು ಸಿಕ್ಕಿಕೊಂಡು ಉಗುರು ಕಪ್ಪಾಯಿತು, ಮುಂದಿನ ವಾರ ಕಿತ್ತು ಬಂತು. ಅವನು ಅದನ್ನು ನನಗೆ ತೋರಿಸಿ, “ನೋಡೇ, ವಾತಾವರಣ” ಎಂದ.

ಪಟ್ಟಿ ಅಂಟಿಸಿದ ಆ ಎರಡನೇ ಶನಿವಾರ ಮಧ್ಯಾಹ್ನವೇ ನಾನು ಸಂಚಾಲಕರ ಕೋಣೆಗೆ ಹೋಗಿದ್ದೆ. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನಿಂತೆ.

“ಸರ್, ನಾನು ಕೆಳಗೆ ಯಾಕೆ?”

ಅವರು ಬೈಯುವ ಜಾತಿಯವರಲ್ಲ. ನಗುನಗುತ್ತಲೇ ಮಾತಾಡುತ್ತಾರೆ. “ನೋಡಮ್ಮಾ, ಇದರಲ್ಲಿ ಮೇಲು ಕೆಳಗು ಅಂತ ಏನೂ ಇಲ್ಲ. ಅದು ಕೋಣೆ ಇರೋ ಜಾಗ ಅಷ್ಟೇ.”

“ನನಗೆ ಎಷ್ಟು ಅಂಕ ಬಂತು ಸರ್?”

“ಅಂಕ ಗೌಪ್ಯ. ಅಂಕದ ಹಿಂದೆ ಓಡಬಾರದು ಅನ್ನೋದೇ ನಮ್ಮ ಯೋಜನೆ. ನಾವು ಮಗುವನ್ನ ಪೂರ್ತಿಯಾಗಿ ನೋಡ್ತೀವಿ.” ಅವರು ಕಡತ ತೆರೆದು ನನ್ನ ಹಾಳೆ ತೆಗೆದರು. ಅದರಲ್ಲಿ ಹನ್ನೆರಡು ಕಲಮು. ಮನೆಯಲ್ಲಿ ಓದಲು ಜಾಗವಿದೆಯೇ, ಪೋಷಕರ ಉದ್ಯೋಗವೇನು, ಮಾತು ಹೇಗೆ, ಉಡುಪು ಹೇಗೆ. ಕೊನೆಯದು ಶಿಕ್ಷಕರ ಅಭಿಪ್ರಾಯ, ಒಂದೇ ಸಾಲಿನಲ್ಲಿ. “ಇದಕ್ಕೇ ನಾವು ಹೆಚ್ಚು ತೂಕ ಕೊಡೋದು. ನಿನ್ನನ್ನ ಮೂರು ವರ್ಷ ನೋಡಿದವರು ನಿಮ್ಮ ಮಿಸ್. ಅವರೇ ಬರೆದಿದ್ದಾರೆ, ನೀನೇ ಓದ್ಕೊ.”

ಲೆಕ್ಕದ ಮಿಸ್ ಅವರ ದುಂಡು ಅಕ್ಷರ. ‘ಕೆಲಸಕ್ಕೆ ಒಗ್ಗಿದ ಹುಡುಗಿ.’

ಕಡತದಲ್ಲಿ ನನ್ನ ಹಾಳೆಯ ಕೆಳಗೆ ವಕೀಲರ ಮಗನ ಹಾಳೆಯಿತ್ತು. ಅವನಿಗೆ ಅದೇ ಮಿಸ್, ಅದೇ ಪೆನ್ನಿನಲ್ಲಿ, ‘ಪರಿಶ್ರಮಿ’ ಎಂದು ಬರೆದಿದ್ದರು.

ಊಟ ಒಗ್ಗುತ್ತದೆ, ನೀರು ಒಗ್ಗುತ್ತದೆ, ಹವೆ ಒಗ್ಗುತ್ತದೆ. ಹೊಸ ಎತ್ತು ನೊಗಕ್ಕೆ ಒಗ್ಗುತ್ತದೆ. ಮನುಷ್ಯರು ಕೆಲಸ ಕಲಿಯುತ್ತಾರೆ, ಮಾಡುತ್ತಾರೆ, ಬೇಡವಾದರೆ ಬಿಡುತ್ತಾರೆ. ಅವನು ರಾತ್ರಿ ದೀಪ ಹಾಕಿಕೊಂಡು ಓದಿದರೆ ಪರಿಶ್ರಮಿ. ನಾನು ಬಕೆಟ್ಟಿನ ಮೇಲೆ ಹಲಗೆಯಿಟ್ಟು ಓದಿದರೆ ಒಗ್ಗಿದವಳು. ನನಗೆ ಆ ಹಾಳೆಯನ್ನು ಅಲ್ಲೇ ಹರಿದುಹಾಕಬೇಕೆನ್ನಿಸಿತು. ಹರಿಯಲಿಲ್ಲ. “ಆಯ್ತು ಸರ್” ಎಂದು ಹೇಳಿ ಕೆಳಗಿಳಿದು ಹೋಗಿ ನಳಿಗೆ ತೊಳೆದೆ.

ಸೋಮವಾರ ಶಾಲೆಯಲ್ಲಿ ಲೆಕ್ಕದ ಮಿಸ್ ಅವರನ್ನು ಹಿಡಿದೆ. ಶಿಕ್ಷಕರ ಕೋಣೆಯಲ್ಲಿ ಅವರೊಬ್ಬರೇ ಇದ್ದರು, ಚಹಾ ಕುಡಿಯುತ್ತಿದ್ದರು. ಕೆಟ್ಟವರಲ್ಲ ಅವರು. ನನಗೆ ಹಳೆಯ ಪುಸ್ತಕ ಕೊಟ್ಟಿದ್ದಾರೆ, ಒಮ್ಮೆ ಜ್ವರ ಬಂದಾಗ ಮನೆವರೆಗೂ ಬಿಟ್ಟು ಹೋಗಿದ್ದಾರೆ. ಕೆಟ್ಟವರಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು.

“ಮಿಸ್, ಒಗ್ಗಿದ ಹುಡುಗಿ ಅಂತ ಯಾಕೆ ಬರೆದ್ರಿ?”

“ಅಯ್ಯೋ, ಹೊಗಳಿ ಬರೆದದ್ದು ಕಣೇ!” ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಹೇಳಿದ ಕೆಲಸ ಮೈಮುರಿದು ಮಾಡ್ತಾಳೆ, ಗೊಣಗಲ್ಲ ಅಂತ.”

“ಅದಕ್ಕೇ ನನ್ನನ್ನ ಕೆಳಗೆ ಹಾಕಿದ್ದಾರೆ. ನೀವು ಹೋಗಿ ಹೇಳಿ ಮಿಸ್, ಹಾಗಲ್ಲ ಅಂತ.”

ಅವರು ಲೋಟ ಕೆಳಗಿಟ್ಟರು. ಬಾಗಿಲ ಕಡೆ ನೋಡಿದರು. “ಈಗ ಹೋಗಿ ತಿದ್ದಿದ್ರೆ ಏನಂದ್ಕೊಳ್ತಾರೆ? ಕಾಲೇಜಿನವರು ಮೊದಲೇ ನಮ್ಮನ್ನ ಕಂಡ್ರೆ ಮೂಗು ಮುರೀತಾರೆ. ಒಂದು ಸಾಲು ಬರೆಯೋಕೆ ಬರದವರು ಏನು ಕಲಿಸ್ತೀರಿ ಅಂತಾರೆ. ಎಷ್ಟು ಕಷ್ಟಪಟ್ಟು ಈ ಸಮಿತಿ ಆಗಿದೆ ಗೊತ್ತಾ? ಇನ್ನೇನು ಆರು ವಾರ. ಸ್ವಲ್ಪ ಹೊಂದ್ಕೊಂಡು ಹೋಗು. ಪತ್ರ ಬರೆಯೋವಾಗ ನಾನು ನೋಡ್ತೀನಿ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ನಾನು ಹೊರಟೆ.

“ಹೋಗ್ತಾ ಈ ಲೋಟಗಳನ್ನ ತೊಳೆದಿಟ್ಟು ಹೋಗೇ” ಎಂದರು ಹಿಂದಿನಿಂದ. ಮೂರು ವರ್ಷದಿಂದ ಅವರ ಕೋಣೆಯ ಲೋಟ ತೊಳೆಯುತ್ತಿದ್ದವಳು ನಾನೇ. ವಕೀಲರ ಮಗನಿಗೆ ಯಾರೂ ಹೇಳಿದ್ದಿಲ್ಲ, ನನಗೂ ಯಾಕೆ ನಾನೇ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ಎಂಟು ಲೋಟ. ತೊಳೆದಿಟ್ಟೆ. ಇವತ್ತಿಗೂ ನನಗೆ ಅವರ ಮೇಲಿರುವ ಸಿಟ್ಟಿಗಿಂತ, ಅಂದು ಆ ಲೋಟ ತೊಳೆದ ನನ್ನ ಮೇಲೆ ಸಿಟ್ಟು ಹೆಚ್ಚು.

ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಮೇಲಿನ ಸಭಾಂಗಣದಲ್ಲಿ ಕೂರುತ್ತೇನೆ ಎಂದಿದ್ದೆ. ಶನಿವಾರ ಬೆಳಿಗ್ಗೆ ಅವಳ ಪಾಳಿ ಹಿಂಬದಿಯ ಕಟ್ಟಡದಲ್ಲಿ, ನೋಡುವ ಭಯವಿರಲಿಲ್ಲ.

ಮೂರನೇ ವಾರ ಕೆಳಗೆ ಬಂದ ಟ್ರೇಯಲ್ಲಿ ಸಿಲ್ವರ್ ನೈಟ್ರೇಟ್ ಇತ್ತು. ನೋಡಲು ನೀರಿನ ಹಾಗೆ. ಮೇಲಿನವರಿಗೆ ಕೈಗವಸು ಕೊಟ್ಟಿದ್ದರು, ಮುಟ್ಟಬೇಡಿ ಎಂದೂ ಹೇಳಿದ್ದರು. ನಮಗೆ ಕೊಟ್ಟದ್ದು ಕೂದಲುದುರಿದ ಬ್ರಷ್ಷು. ಹೊರಗೆ ಬಿಸಿಲಿಗೆ ಬಂದ ಮೇಲೆ ನನ್ನ ಬೆರಳುಗಳು ನಿಧಾನವಾಗಿ ಕಪ್ಪಾದವು. ಸೋಪಿಗೆ ಹೋಗಲಿಲ್ಲ, ಕಲ್ಲಿಗೆ ಉಜ್ಜಿದರೂ ಹೋಗಲಿಲ್ಲ.

“ಇದೇನೇ ಇದು, ಮಸಿ ಕುಡಿಕೆಗೆ ಕೈ ಹಾಕಿದ್ಯಾ?” ಎಂದಳು ಅಮ್ಮ.

“ಪ್ರಯೋಗ ಮಾಡಿದ್ವಿ ಅಮ್ಮ.”

ಅವಳು ನನ್ನ ಕೈ ಹಿಡಿದುಕೊಂಡು ಬೆರಳು ಬೆರಳಾಗಿ ನೋಡಿದಳು. ಆಮೇಲೆ ನನ್ನನ್ನು ದರದರ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಅಕ್ಕನಿಗೆ ತೋರಿಸಿದಳು. “ನೋಡು ಇಲ್ಲಿ. ನನ್ನ ಮಗಳು ಕಾಲೇಜಲ್ಲಿ ಪ್ರಯೋಗ ಮಾಡ್ತಾಳೆ. ಕೈಗೆ ಹತ್ತಿದ್ರೆ ಹೋಗಲ್ವಂತೆ, ಅಂಥ ಪ್ರಯೋಗ!” ಪಕ್ಕದ ಮನೆಯ ಅಕ್ಕ ಬಾಯಿ ಮೇಲೆ ಬೆರಳಿಟ್ಟುಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾಲ್ಕನೇ ಶನಿವಾರ ಅಮ್ಮ ಪಾಳಿ ಬದಲಾಯಿಸಿಕೊಂಡು ನಮ್ಮ ಕಟ್ಟಡಕ್ಕೆ ಬಂದಳು. ಮಗಳು ದೊಡ್ಡವರ ನಡುವೆ ಕೂತು ಕಲಿಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು. ಸಭಾಂಗಣದ ಬಾಗಿಲ ಗಾಜಿನಲ್ಲಿ ಇಣುಕಿದಳಂತೆ. ಸಾಲು ಸಾಲಾಗಿ ಮುಖ ನೋಡುತ್ತ ಬಂದಳಂತೆ, ಎರಡು ಸಲ. ಆಮೇಲೆ ನೀರು ತುಂಬಿಸಿಕೊಳ್ಳಲು ಕೆಳಗಿನ ನಲ್ಲಿಗೆ ಬಂದಳು. ಅಲ್ಲಿ ನಾನು ಸಿಂಕಿನೊಳಗೆ ಮೊಣಕೈವರೆಗೂ ಮುಳುಗಿ ನಿಂತಿದ್ದೆ.

ಅಮ್ಮ ಬಕೆಟ್ಟು ಕೆಳಗಿಟ್ಟಳು. “ಇಲ್ಲೂ ತೊಳೆಯೋದೇನಾ?”

ನಾನು ಕೈಯಲ್ಲಿದ್ದ ನಳಿಗೆಯನ್ನು ಟ್ರೇಗೆ ಇಟ್ಟೆ.

“ಮೊದಲ ವಾರದಿಂದಾನಾ?”

“ಎರಡನೇ ವಾರದಿಂದ.”

“ನನ್ನ ಜೊತೆ ಬಂದಿದ್ರೆ ಬ್ರಷ್ಷಾದ್ರೂ ಒಳ್ಳೇದು ಕೊಡ್ತಿದ್ದೆನಲ್ಲೇ, ಮಾರಾಯ್ತಿ” ಎಂದಳು. ತನ್ನ ರಬ್ಬರಿನ ಕೈಗವಸು ಬಿಚ್ಚಿ ಸಿಂಕಿನ ಅಂಚಿಗೆ ಇಟ್ಟಳು. ಬಕೆಟ್ಟು ತುಂಬುವವರೆಗೂ ನಲ್ಲಿಯನ್ನೇ ನೋಡುತ್ತ ನಿಂತಿದ್ದಳು. ತುಂಬಿ ಚೆಲ್ಲಿದ ಮೇಲೂ ನಿಂತಿದ್ದಳು.

ಅವಳು ಹೋಗಿ ಸಂಚಾಲಕರನ್ನು ಕೇಳುತ್ತಾಳೆ ಎಂದುಕೊಂಡಿದ್ದೆ. ಬೀದಿ ನಲ್ಲಿಯಲ್ಲಿ ನೀರಿಗೆ ನಿಂತರೆ ನಾಲ್ಕು ಹೆಂಗಸರನ್ನು ಬಾಯಲ್ಲೇ ಹಿಮ್ಮೆಟ್ಟಿಸುವವಳು ನಮ್ಮಮ್ಮ. ಸಂಜೆ ಮನೆಗೆ ಹೋಗುತ್ತ ದಾರಿಯಲ್ಲಿ ಕೇಳಿದೆ.

“ನಾನೇನು ಹೇಳ್ಲಿ?” ಎಂದಳು. “ಅವರು ಓದಿದವರು. ಎಂಟು ಜನ ಕೂತು ಒಂದು ಮಾತು ಆಡಿದ್ದಾರೆ. ನಾನೊಬ್ಬಳು ಹೋಗಿ ಅಲ್ಲ ಅಂದ್ರೆ ಕೇಳ್ತಾರಾ? ನಾಳೆ ನನ್ನನ್ನೂ ಬೇಡ ಅಂದ್ರೆ?”

“ಹಾಗಾದ್ರೆ ನಾನು ತೊಳೀತಾ ಇರ್ಲಾ?”

“ನನ್ನನ್ನ ಯಾಕೆ ತಿಂತೀಯ?” ಎಂದು ರೇಗಿದಳು. ಆ ವಾರ ಪೂರ್ತಿ ಪಕ್ಕದ ಮನೆಯ ಅಕ್ಕ ಎದುರಾದರೆ ಅಮ್ಮ ಬೇರೆ ದಾರಿ ಹಿಡಿಯುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಆರನೇ ಶನಿವಾರ ಸಮಿತಿಯ ದೊಡ್ಡ ದಿನ. ಬೇರೆ ಕಾಲೇಜುಗಳಿಂದ ಅತಿಥಿಗಳು ಈ ಯೋಜನೆ ನೋಡಲು ಬರುವವರಿದ್ದರು. ಮಾದರಿ ಯೋಜನೆ ಎಂದು ಬರೆದ ಬಟ್ಟೆಯನ್ನು ಬಾಗಿಲಿಗೆ ಕಟ್ಟಿದ್ದರು. ನಾವು ಬೆಳಿಗ್ಗೆ ಏಳಕ್ಕೇ ಬಂದು ಎಂಬತ್ತು ಕುರ್ಚಿ ಮೇಲೆ ಹೊತ್ತಿದ್ದೆವು. ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಇಸ್ತ್ರಿ ಗೋಡೆಗೊರಗಿ ನೆಲದ ಮೇಲೇ ಕಾಲು ಚಾಚಿ ಕೂತಿದ್ದಳು. ಹತ್ತೂವರೆಯ ಹೊತ್ತಿಗೆ ಸಂಚಾಲಕರು ಕೆಳಗಿನ ಕೋಣೆಗೆ ಬಂದರು. ಆರು ವಾರದಲ್ಲಿ ಅವರು ಆ ಬಾಗಿಲು ದಾಟಿದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಹಿಡಿದಿದ್ದರು.

“ಮೇಲಿನ ಶೌಚಾಲಯ ಕಟ್ಕೊಂಡಿದೆ. ನೀರೆಲ್ಲ ಹೊರಗೆ ಬಂದಿದೆ. ಹನ್ನೊಂದಕ್ಕೆ ಅತಿಥಿಗಳು ಬರ್ತಾರೆ” ಎಂದರು. ಎಲ್ಲರ ಮೇಲೂ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು. “ಹಿಂಬದಿ ಕಟ್ಟಡದಿಂದ ನಿಮ್ಮಮ್ಮನನ್ನ ಕರೆಸಿದ್ದೀನಿ, ಅವಳೊಬ್ಬಳಿಗೇ ಆಗಲ್ಲ. ಬಾಮ್ಮಾ, ನೀನೂ ಒಂದು ಕೈ ಹಾಕು. ನಿನಗೇನು ಹೊಸದಾ? ಒಗ್ಗಿದ ಕೆಲಸ.”

ನಗುತ್ತಲೇ ಹೇಳಿದರು. ಬೈದು ಹೇಳಿದ್ದರೆ ಬಹುಶಃ ಹೋಗಿಬಿಡುತ್ತಿದ್ದೆ.

“ಒಗ್ಗಲ್ಲ ಸರ್” ಎಂದೆ.

“ಏನು?”

“ನನಗೆ ಒಗ್ಗಲ್ಲ. ಕೆಲವರಿಗೆ ಕೆಲವು ನೀರು ಒಗ್ಗಲ್ಲ ನೋಡಿ, ಹಾಗೆ.”

ಗಾರೆ ಕಿಸಕ್ಕನೆ ನಕ್ಕ. ಸಂಚಾಲಕರ ನಗು ಹೋಯಿತು. ಆದರೆ ದನಿ ಏರಿಸಲಿಲ್ಲ, ಬುದ್ಧಿ ಹೇಳುವವರ ದನಿಯಲ್ಲೇ ಹೇಳಿದರು. “ಅದು ನಿಮ್ಮಮ್ಮ ಮಾಡೋ ಕೆಲಸ. ಹೆತ್ತ ತಾಯಿ ಮಾಡೋ ಕೆಲಸವನ್ನ ಕೀಳು ಅಂತೀಯಾ ನೀನು? ಇದೇನಾ ಕಲಿತದ್ದು?”

“ಕೀಳಲ್ಲದಿದ್ರೆ ನೀವೇ ಮಾಡಿ ಸರ್. ಬ್ರಷ್ಷು ಅಲ್ಲೇ ಇದೆ. ಸಿದ್ಧತೆ ಬೇಕಾದ್ರೆ ಅಮ್ಮ ಹೇಳ್ಕೊಡ್ತಾಳೆ.”

ಈ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಅಲ್ಲಿ ನಿಲ್ಲಲಾರದೆ ನಡೆಯತೊಡಗಿದೆ. ಅವರ ಪಕ್ಕದಿಂದಲೇ ಹಾದು ಬಾಗಿಲು ದಾಟಿದೆ. ಮೆಟ್ಟಿಲು ಹತ್ತಿದೆ. ಆ ಇಪ್ಪತ್ತೆರಡು ಮೆಟ್ಟಿಲನ್ನು ಬರಿಗೈಯಲ್ಲಿ ಹತ್ತಿದ್ದು ಅದೇ ಮೊದಲ ಸಲ. ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ಗಾರೆ, ಇಸ್ತ್ರಿ, ಅವರ ಹಿಂದೆ ಇನ್ನೂ ಆರು ಜನ. ಇಬ್ಬರು ಕೆಳಗೇ ಉಳಿದರು.

ಸಭಾಂಗಣದಲ್ಲಿ ಗಣಿತದ ಉಪನ್ಯಾಸಕರು ಕಪ್ಪು ಹಲಗೆಯ ಮೇಲೆ ಒಂದು ಸಮೀಕರಣ ಬರೆಯುತ್ತಿದ್ದರು. ಪಕ್ಕದಲ್ಲಿ ನಮ್ಮ ಲೆಕ್ಕದ ಮಿಸ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾವು ಹೊತ್ತು ಹಾಕಿದ್ದ ಕುರ್ಚಿಗಳಲ್ಲಿ ಮೊದಲ ಸಾಲು ಅತಿಥಿಗಳಿಗೆಂದು ಖಾಲಿಯಿತ್ತು. ಅಲ್ಲೇ ಕೂತೆವು. ಒಂಬತ್ತು ಜನ, ಒಂಬತ್ತು ಕುರ್ಚಿ.

“ಯಾರು ನೀವು?” ಎಂದರು ಉಪನ್ಯಾಸಕರು.

“ಕೆಳಗಿನವರು ಸರ್” ಎಂದಳು ಇಸ್ತ್ರಿ.

ಅಷ್ಟರಲ್ಲಿ ಸಂಚಾಲಕರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು. “ಏಳಿ, ಏಳಿ ಎಲ್ಲರೂ. ಇದು ನಿಮ್ಮ ತರಗತಿ ಅಲ್ಲ.” ಯಾರೂ ಏಳಲಿಲ್ಲ. ನಾನು ಲೆಕ್ಕದ ಮಿಸ್ ಕಡೆ ತಿರುಗಿದೆ.

“ಮಿಸ್, ಮೊದಲನೇ ವಾರದ ಪರೀಕ್ಷೇಲಿ ನನಗೆಷ್ಟು ಬಂತು ಹೇಳಿ.”

ಮಿಸ್ ಸಂಚಾಲಕರ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಇಡೀ ಸಭಾಂಗಣ ಅವರನ್ನೇ ನೋಡುತ್ತಿತ್ತು. “ನಲವತ್ತೇಳು” ಎಂದರು.

“ಇಲ್ಲಿ ಮೇಲೆ ಕೂತವರಲ್ಲಿ ಎಲ್ಲರಿಗಿಂತ ಜಾಸ್ತಿ?”

“ನಲವತ್ತೊಂದು.” ಆಮೇಲೆ ಒಮ್ಮೆಲೇ ಸಂಚಾಲಕರಿಗೆ ಹೇಳಿದರು, “ಸರ್, ನಾನು ಅವಳನ್ನ ಹೊಗಳಿ ಬರೆದದ್ದು. ನೀವು ಬೇರೆ ಅರ್ಥ ಮಾಡ್ಕೊಂಡ್ರಿ.”

ನಾಲ್ಕು ವಾರದ ಹಿಂದೆ ಹೇಳಬೇಕಿದ್ದ ಮಾತು. ಅಷ್ಟು ಚಿಕ್ಕ ಮಾತು. ನಾನು ಅವರಿಗೆ ಥ್ಯಾಂಕ್ಸ್ ಹೇಳಲಿಲ್ಲ. “ಗಾರೆಗೆ ಏನು ಬರೆದ್ರಿ ಮಿಸ್?” ಎಂದೆ.

“ಮೈಕೈ ಗಟ್ಟಿ ಅಂತ” ಎಂದ ಗಾರೆ ತಾನೇ. “ನಾನೂ ಸರ್ ಹತ್ರ ಹೋಗಿ ಕೇಳಿದ್ದೆ, ನನ್ನದನ್ನೂ ತೋರಿಸಿದ್ರು. ನನಗೂ ಹೊಗಳಿಯೇ ಬರೆದಿದ್ದಾರೆ ಪಾಪ.”

ಸಂಚಾಲಕರು ಗಡಿಯಾರ ನೋಡಿಕೊಂಡರು. ಅತಿಥಿಗಳು ಬರಲು ಇನ್ನು ಕಾಲು ಗಂಟೆ. ಅವರ ದನಿ ಮತ್ತೆ ಮೆತ್ತಗಾಯಿತು. “ಸರಿ. ತಪ್ಪು ಆಗಿದೆ ಅಂತಲೇ ಇಟ್ಕೊಳ್ಳೋಣ. ನೀನು ಇಲ್ಲೇ ಕೂತ್ಕೊಮ್ಮಾ. ಪತ್ರದಲ್ಲಿ ಗಣಿತ ವಿಭಾಗ ಅಂತಲೇ ಬರೆಸ್ತೀನಿ. ಉಳಿದವರು ಕೆಳಗೆ ಹೋಗಿ.”

ಒಂದು ಗಳಿಗೆ ನನಗೆ ಹೂಂ ಅನ್ನೋಣ ಅನ್ನಿಸಿತು. ಇದನ್ನು ಮುಚ್ಚಿಟ್ಟು ದೊಡ್ಡವಳಾಗುವ ಆಸೆ ನನಗಿಲ್ಲ. ಗಣಿತ ವಿಭಾಗ ಎಂಬ ಎರಡು ಪದ ಕಿವಿಗೆ ಬಿದ್ದಾಗ ಬಾಯಲ್ಲಿ ನೀರೂರಿತು. ಪಕ್ಕದಲ್ಲಿ ಗಾರೆ ನನ್ನ ಮುಖ ನೋಡಲಿಲ್ಲ. ಅವನು ಆಗಲೇ ಏಳಲು ಕುರ್ಚಿಯ ಅಂಚಿಗೆ ಸರಿದಿದ್ದ. ನಾನು ಹೂಂ ಅನ್ನುತ್ತೇನೆಂದು ಅವನಿಗೆ ಗ್ಯಾರಂಟಿ ಇತ್ತು. ಅದು ನನ್ನನ್ನು ಚುಚ್ಚಿತು.

ಅವನ ತೋಳು ಹಿಡಿದು ಕೂರಿಸಿದೆ. “ನಾವು ಒಂಬತ್ತು ಜನ ಸರ್. ಕೆಳಗಿರೋ ಇಬ್ಬರೂ ಸೇರಿದ್ರೆ ಹನ್ನೊಂದು.”

“ಹಾಗಾದ್ರೆ ಯಾರಿಗೂ ಪತ್ರ ಇಲ್ಲ. ನಿನಗಂತೂ ಖಂಡಿತ ಇಲ್ಲ. ಈ ಜನ್ಮದಲ್ಲಿ ಈ ಕಾಲೇಜಿನ ಮೆಟ್ಟಿಲು ಹತ್ತಲ್ಲ ನೀನು.” ಆಗ ಅವರು ನಿಜವಾಗಿಯೂ ಕಿರುಚಿದರು. ಕಿರುಚಿ ಕಾರಿಡಾರಿನ ಕಡೆ ತಿರುಗಿ, “ಏಯ್, ಬಾ ಇಲ್ಲಿ!” ಎಂದರು.

ಅಮ್ಮ ಬಂದಳು. ಕಟ್ಟಿಕೊಂಡ ಶೌಚಾಲಯವನ್ನು ಒಬ್ಬಳೇ ಬಿಡಿಸಿ ಬಂದಿದ್ದಳು. ಮೊಣಕಾಲವರೆಗೆ ಒದ್ದೆಯಾಗಿದ್ದಳು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆಲ ಒರೆಸುವ ಉದ್ದನೆಯ ಕೋಲು.

“ನಿನ್ನ ಮಗಳನ್ನ ಎಬ್ಬಿಸಿ ಕರ್ಕೊಂಡು ಹೋಗು. ಅವಳು ಎದ್ರೆ ಉಳಿದವರೂ ಏಳ್ತಾರೆ. ಇಲ್ಲಾಂದ್ರೆ ಸೋಮವಾರದಿಂದ ನೀನೂ ಬರಬೇಡ.”

ಅಮ್ಮ ಒಳಗೆ ನೋಡಿದಳು. ಮೊದಲ ಸಾಲಿನಲ್ಲಿ ನನ್ನನ್ನು ಕಂಡಳು. ಅವಳ ಮುಖದಲ್ಲಿ ಏನಿತ್ತೆಂದು ನಾನು ಓದಲಾರದೆ ಹೋದೆ. ಏಳು ಅಂದರೆ ಎದ್ದುಬಿಡೋಣ ಎಂದುಕೊಂಡಿದ್ದೆ, ಅವಳ ಕೆಲಸ ಹೋದರೆ ನಮ್ಮ ಒಲೆ ಉರಿಯುವುದಿಲ್ಲ. ಅವಳು ಬಕೆಟ್ಟನ್ನು ಬಾಗಿಲಲ್ಲಿ ಕೆಳಗಿಟ್ಟಳು.

“ನಾನು ನೆಲ ಒರೆಸೋಳು ಸರ್” ಎಂದಳು. “ಕೂತವರನ್ನ ಎಬ್ಬಿಸೋದು ನನ್ನ ಕೆಲಸ ಅಲ್ಲ.”

ಕೋಲನ್ನು ಬಕೆಟ್ಟಿಗೆ ಅದ್ದಿದಳು. ಹಿಂಡಲಿಲ್ಲ. ಸುರಿಯುವ ನೀರಿನ ಸಮೇತ ಸಂಚಾಲಕರ ಬೂಟಿನ ಮುಂದೆ ಒಂದು ಗೆರೆ ಎಳೆದಳು. ಅವರು ಎರಡು ಹೆಜ್ಜೆ ಹಿಂದೆ ಹಾರಿದರು. ಅಮ್ಮ ಹಿಮ್ಮುಖವಾಗಿ ಒರೆಸುತ್ತ ಒಳಗೆ ಬಂದಳು. ಬಾಗಿಲಿನಿಂದ ಮೊದಲ ಸಾಲಿನವರೆಗೆ, ಮೊದಲ ಸಾಲಿನಿಂದ ಹಲಗೆಯವರೆಗೆ, ಇಡೀ ನೆಲ ಫಳಫಳ ನೀರಾಯಿತು. ಹದಿನಾಲ್ಕು ವರ್ಷದ ಕೈ, ಒಂದು ಮೂಲೆಯನ್ನೂ ಬಿಡಲಿಲ್ಲ.

“ನೆಲ ಒದ್ದೆ ಇದೆ” ಎಂದಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. “ಒಣಗೋ ತನಕ ಯಾರೂ ಏಳೋ ಹಾಗಿಲ್ಲ, ಯಾರೂ ಒಳಗೆ ಬರೋ ಹಾಗಿಲ್ಲ. ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ನನ್ನನ್ನ ಕೇಳಬೇಡಿ.” ಆಮೇಲೆ ಉಪನ್ಯಾಸಕರ ಕಡೆ ತಿರುಗಿದಳು. “ನೀವು ಹೇಳ್ಕೊಡಿ ಸರ್. ಮಕ್ಕಳು ಕೂತಿದ್ದಾರೆ.”

ಉಪನ್ಯಾಸಕರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು ಕಾಲಡಿಯಲ್ಲಷ್ಟೇ ಉಳಿದ ಒಣನೆಲದ ತುಂಡಿನ ಮೇಲೆ ನಿಂತಿದ್ದರು. ಬಾಗಿಲಾಚೆ ಸಂಚಾಲಕರು, ಕೆಳಗೆ ಮೆಟ್ಟಿಲಲ್ಲಿ ಅತಿಥಿಗಳ ಮಾತು. ಅವರಿಗೆ ಎಲ್ಲಿಗೂ ಹೋಗಲು ದಾರಿಯಿರಲಿಲ್ಲ. ಹಲಗೆಯತ್ತ ತಿರುಗಿ ಗಂಟಲು ಸರಿಮಾಡಿಕೊಂಡರು.

“ಎಲ್ಲಿಗೆ ಬಂದಿದ್ವಿ?” ಎಂದರು.

ಮೇಲಿನ ಮೂವತ್ತು ಮಂದಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನು ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಹೇಳಿದೆ.

“ಎರಡನೇ ಸಾಲಿಗೆ ಸರ್. ಅಲ್ಲಿ ಮೈನಸ್ ಬಿಟ್ಟುಹೋಗಿದೆ. ಹಾಗೇ ಮುಂದೆ ಹೋದ್ರೆ ಉತ್ತರ ಬರಲ್ಲ.”